ತೊರಗಲ್ಲಿನ ಮೂರು ಎಲೆ

೩ ಮಾರ್ಚ್ ೨೦೦೩, ಬೈಲಹೊಂಗಲ

ಧಾರವಾಡದಲ್ಲಿ ಗೈಡ್ ಸರ್ ಇವತ್ತು ಗೋಡೆಯ ಕ್ಯಾಲೆಂಡರ್ ತೋರಿಸಿದರು. ಡಿಸೆಂಬರ್ ಮೂವತ್ತೊಂದು. ಅಷ್ಟರೊಳಗೆ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿ ರದ್ದು. ಎರಡು ಸಲ ಅವಧಿ ಹೆಚ್ಚಿಸಿಕೊಂಡಾಗಿದೆ, ಮೂರನೆಯ ಸಲ ಕೇಳಲು ನನಗೂ ಮುಖವಿಲ್ಲ. ಆರು ವರ್ಷದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಆಗಬಾರದು.

ಈ ವಹಿ ಹಿಡಿದದ್ದು ಅದಕ್ಕೇ. ಯಾರ ಹತ್ತಿರ ಹೇಳಿಕೊಂಡರೂ ಎರಡನೆಯ ನಿಮಿಷಕ್ಕೆ ನನ್ನ ಮದುವೆಯ ಮಾತಿಗೆ ಬರುತ್ತಾರೆ. ಕಾಗದ ಆ ಮಾತಿಗೆ ಬರುವುದಿಲ್ಲ.

ನನ್ನ ಗಿಡ ಗೇಣುದ್ದ. ಕುರಿ ಕಾಯುವವರು ಹಾಲಗಡ್ಡಿ ಎನ್ನುತ್ತಾರೆ. ವರ್ಷದ ಹನ್ನೊಂದು ತಿಂಗಳು ಕಲ್ಲಿನ ಸಂದಿಯಲ್ಲಿ ಗಡ್ಡೆಯಾಗಿ ಮಲಗಿರುತ್ತದೆ. ಮುಂಗಾರಿನ ಎರಡು ಮೂರು ಮಳೆ ಬಿದ್ದ ಮೇಲೆ ಎದ್ದು, ನಾಲ್ಕೆಲೆ ಬಿಟ್ಟು, ಒಂದು ಹೂ ಹೂತು, ಮೂರು ವಾರದಲ್ಲಿ ಮತ್ತೆ ಮಲಗುತ್ತದೆ. ಸುಖಜೀವಿ. ಕಿತ್ತೂರಿನ ಗುಡ್ಡದಲ್ಲಿದೆ, ಸವದತ್ತಿಯ ಗುಡ್ಡದಲ್ಲಿದೆ, ರಾಮದುರ್ಗದ ಕಡೆ ತೊರಗಲ್ ಕೋಟೆಯ ಕಲ್ಲಿನಲ್ಲಿದೆ. ಕಣ್ಣಿಗೆ ಮೂರೂ ಒಂದೇ. ತೊರಗಲ್ಲಿನದು ಮಾತ್ರ ಬೇರೆ ಬಳಗದ್ದು ಎಂದು ನನ್ನ ಅನುಮಾನ. ಅನುಮಾನಕ್ಕೆ ಯಾರೂ ಡಾಕ್ಟರೇಟ್ ಕೊಡುವುದಿಲ್ಲ, ತೋರಿಸಬೇಕು.

ತೋರಿಸುವ ದಾರಿ ಎಲೆಯೊಳಗೇ ಇದೆ. ಎಲೆಯ ಹಸಿರು ಕಣಕ್ಕೆ, ಅಂದರೆ ಕ್ಲೋರೋಪ್ಲಾಸ್ಟಿಗೆ, ತನ್ನದೇ ಆದ ಡಿಎನ್‌ಎ ಉಂಟು. ನಾಲ್ಕೇ ಅಕ್ಷರದಲ್ಲಿ ಬರೆದ ಉದ್ದನೆಯ ಬರಹ. ಎರಡು ಗಿಡಗಳ ಬರಹ ಎಷ್ಟು ಹೊಂದುತ್ತದೋ ಸಂಬಂಧ ಅಷ್ಟು ಹತ್ತಿರ. ಕಿತ್ತೂರಿನದು, ಸವದತ್ತಿಯದು ಓದಿಯಾಯಿತು. ಅವೆರಡೂ ಅಕ್ಕತಂಗಿ. ತೊರಗಲ್ಲಿನದು ಓದದೆ ಪ್ರಬಂಧವಿಲ್ಲ.

ಕಳೆದ ಜುಲೈನಲ್ಲಿ ಸರಿಯಾಗಿ ಅದು ಚಿಗುರುವ ಹೊತ್ತಿಗೆ ನನಗೆ ಕಾಮಾಲೆ. ಅಪ್ಪನೇ ಬಸ್ಸು ಹತ್ತಿ ತೊರಗಲ್ಲಿಗೆ ಹೋಗಿ ಮೂರು ಎಲೆ ತಂದ. ಒಂದನ್ನು ಅರೆದು ಅರೆದು ಮೂರು ಸಲ ಸೋತೆ. ಬರೀ ಲೋಳೆ, ಡಿಎನ್‌ಎ ಬರಲಿಲ್ಲ. ಇನ್ನು ಉಳಿದದ್ದು ಎರಡು.

೯ ಮಾರ್ಚ್

ಅಪ್ಪ ಕೇಳಿದ, "ಆ ಎಲಿ ಏನರ ಹೇಳ್ತೇನು?"

"ಇನ್ನೂ ಬಾಯಿ ಬಿಟ್ಟಿಲ್ಲಪಾ."

ಏನು ಹುಡುಕುತ್ತಿದ್ದೇನೆಂದು ಮತ್ತೊಮ್ಮೆ ವಿವರಿಸಿದೆ. ಅಪ್ಪ ಮೂವತ್ನಾಲ್ಕು ವರ್ಷ ಸಾಲಿ ಮಾಸ್ತರನಾಗಿದ್ದವನು. ತಿಳಿಯುವ ತನಕ ಬಿಡುವುದಿಲ್ಲ. ಎಲ್ಲ ಕೇಳಿ, "ಅಂದ್ರ ನೀ ಗಿಡದ ಹೆಳವ ಆದಿ ಅನ್ನು," ಎಂದ.

ಸುರೇಬಾನದ ನಮ್ಮ ಹಳೆಯ ಮನೆಗೆ ಮೂರು ವರ್ಷಕ್ಕೊಮ್ಮೆ ಎತ್ತಿನ ಮೇಲೆ ಕೂತು ಹೆಳವ ಬರುತ್ತಿದ್ದ. ಏಳು ತಲೆಮಾರಿನ ಹಿಂದೆ ಯಾರಿದ್ದರು, ಯಾರಿಗೆ ಯಾರು ಹುಟ್ಟಿದರು, ಒಂದೇ ಉಸಿರಿಗೆ ಹೇಳುತ್ತಿದ್ದ. ಹೇಳುವುದೆಲ್ಲ ಗಂಡಸರ ಹೆಸರೇ. ನನ್ನ ಗಿಡದಲ್ಲಿ ಉಲ್ಟಾ. ಇವುಗಳಲ್ಲಿ ಕ್ಲೋರೋಪ್ಲಾಸ್ಟ್ ಬರುವುದು ತಾಯಿಯಿಂದ. ತಂದೆಯ ಗುರುತು ಒಂದಕ್ಷರವೂ ಇರುವುದಿಲ್ಲ. ಹಾಗೆಂದು ಹೇಳಿದರೆ ಅಪ್ಪ, "ಹಂಗಾರ ಅಪ್ಪ ಆಗಿ ಏನ ಉಪಯೋಗ ಬಂತು?" ಎಂದು ನಕ್ಕ. ಈಚೆಗೆ ಬಾಯಿ ಮುಚ್ಚಿಕೊಂಡೇ ನಗುತ್ತಾನೆ. ಹಲ್ಲು ಉದುರಿದ್ದಕ್ಕೆ ನಾಚಿಕೆಯಿರಬೇಕು.

ಎದುರು ಮನೆಯ ಸಿದ್ದಲಿಂಗವ್ವ ನಮಗೆ ದಿನಾ ರೊಟ್ಟಿ ಬಡಿದುಕೊಡುತ್ತಾಳೆ. ಇವತ್ತು ಹೊಸ ರಂಜಕವನ್ನೂ ತಂದಿದ್ದಳು. ಕೆಂಪು ಮೆಣಸಿನಕಾಯಿಯ ರಂಜಕವಿಲ್ಲದೆ ರೊಟ್ಟಿ ಮುರಿಯದವನು ಅಪ್ಪ. ಇವತ್ತು ಮುಟ್ಟಲಿಲ್ಲ. ವಯಸ್ಸಾಯಿತು, ಹೊಟ್ಟೆಗೂ ಒಳ್ಳೆಯದು. ಸಿದ್ದಲಿಂಗವ್ವ ಮುಖ ಸಣ್ಣದು ಮಾಡಿದಳು, ನಾನು ಅವನ ಪಾಲನ್ನೂ ತಿಂದೆ.

೨೨ ಮಾರ್ಚ್, ಧಾರವಾಡದಿಂದ ಬಂದು

ಬಂತು. ಎರಡನೆಯ ಎಲೆಯಿಂದ ಬಂತು. ಡಿಎನ್‌ಎ ಗೆರೆಯಾಗಿ ಮೂಡುವ ಜೆಲ್ ಮೇಲೆ ಒಂದೇ ಒಂದು ಗೆರೆ, ತೆಳ್ಳಗೆ, ಆದರೆ ಗೆರೆಯೇ. ಸರ್ ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದರು. ಪಕ್ಕದ ಬೆಂಚಿನ ಐಶ್ವರ್ಯಾ, ಹೊಸ ಹುಡುಗಿ, ತನ್ನ ಕೆಲಸ ಬಿಟ್ಟು ಬಂದು ಚಪ್ಪಾಳೆ ತಟ್ಟಿದಳು. ನಾಳೆ ಬೆಂಗಳೂರಿನ ಕಂಪನಿಗೆ ಅದರ ಅಕ್ಷರ ಓದಿಸಲು ಕಳಿಸುತ್ತೇವೆ. ಮೂರು ವಾರ.

ಕಿತ್ತೂರಿನಲ್ಲಿ ಬಸ್ಸು ಬದಲಿಸುವಾಗ ಪೇಡೆ ಕೊಂಡೆ. ಅಪ್ಪ ಚೂರು ಮುರಿದು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಚೀಪಿದ. "ನಿನ್ನ ಅವ್ವ ಇರಬೇಕಿತ್ತು," ಎಂದ.

ಅವ್ವ ಹೋಗಿ ಏಳು ವರ್ಷ. ಹೋಗುವ ಹಿಂದಿನ ವಾರ ಅಪ್ಪನ ಕೈಯನ್ನು ಎಳೆದು ನನ್ನ ತಲೆಯ ಮೇಲೆ ಇಡಿಸಿ, ಇನ್ನು ತಂಬಾಕು ಮುಟ್ಟುವುದಿಲ್ಲವೆಂದು ಆಣೆ ಮಾಡಿಸಿದ್ದಳು. ಅಪ್ಪ ಮುಟ್ಟಿಲ್ಲ. ಸೊಂಟದಲ್ಲಿ ಚಂಚಿ ಮಾತ್ರ ಇದೆ. ಮೊದಲು ಎಲೆ, ಅಡಿಕೆ, ಸುಣ್ಣ, ತಂಬಾಕು ಒಂದೊಂದು ಅರೆಯಲ್ಲಿ ಇರುತ್ತಿದ್ದ ಅದೇ ಹಳೆಯ ಬಟ್ಟೆ ಚೀಲ. ಈಗ ಲವಂಗ, ಯಾಲಕ್ಕಿ ಇಟ್ಟುಕೊಳ್ಳುತ್ತಾನೆ. ಪಕ್ಕ ಕೂತರೆ ಲವಂಗದ ಘಮ. ಆ ವಿಷಯದಲ್ಲಿ ನನ್ನಪ್ಪನ ಮುಂದೆ ಯಾರನ್ನೂ ನಿಲ್ಲಿಸುವ ಹಾಗಿಲ್ಲ.

೧೪ ಏಪ್ರಿಲ್

ಸೈಬರ್ ಕೆಫೆಯಲ್ಲಿ ಎರಡು ಸಲ ಕರೆಂಟು ಹೋಯಿತು. ಮೂರನೆಯ ಸಲ ಫಲಿತಾಂಶ ಬಿಚ್ಚಿತು. ಸುಮಾರು ಒಂಬತ್ತು ನೂರು ಅಕ್ಷರ. ಎಷ್ಟು ಸ್ವಚ್ಛವಾಗಿತ್ತೆಂದರೆ ನನಗೆ ಅಳು ಬರುವಂತಾಯಿತು. ಪ್ರಪಂಚದಲ್ಲಿ ಈತನಕ ಓದಿಟ್ಟ ಗಿಡಗಳ ಜೊತೆ ಹೋಲಿಸುವ ಜಾಗಕ್ಕೆ ಅದನ್ನು ಅಂಟಿಸಿ ಕಾದೆ.

ತಂಬಾಕು.

ಒಂದಕ್ಷರದ ವ್ಯತ್ಯಾಸವೂ ಇಲ್ಲ. ನನ್ನ ಹಾಲಗಡ್ಡಿಗೂ ತಂಬಾಕಿಗೂ ಬೀಗತನವೂ ಇಲ್ಲ. ಎಲ್ಲೋ ತಂಬಾಕಿನ ಡಿಎನ್‌ಎ ಸೇರಿಕೊಂಡಿದೆ. ಗಿಡದ್ದು ಲೋಳೆಯಲ್ಲೇ ಕೂತಿದೆ, ನಾನು ಇಷ್ಟು ದಿನ ಯಂತ್ರದಲ್ಲಿ ನಕಲು ಮಾಡಿ ಮಾಡಿ ಬೆಳೆಸಿದ್ದು ಯಾವುದೋ ಧೂಳಿನ ಡಿಎನ್‌ಎಯನ್ನು.

೧೫ ಏಪ್ರಿಲ್

ಐಶ್ವರ್ಯಾಳನ್ನು ಬೈದೆ. ಅವಳು ಬಾಟಲಿಗಳಲ್ಲಿ ತಂಬಾಕಿನ ಸಸಿ ಬೆಳೆಸುತ್ತಾಳೆ, ಅವಳ ಪ್ರಯೋಗವೇ ಅದು. ಅದೇ ಕೈಯಲ್ಲಿ ನನ್ನ ಕೊಳವೆ ಮುಟ್ಟಿದ್ದಾಳೆ, ಮತ್ತೇನು? ಸರ್ ಎದುರಿಗೇ ಹೇಳಿದೆ. "ನಾ ನಿಮ್ಮ ಸಾಮಾನ ಮುಟ್ಟಿಲ್ರಿ ಮೇಡಂ. ನಮ್ಮವ್ವನ ಆಣಿಗೂ ಮುಟ್ಟಿಲ್ಲ," ಎಂದು ಅತ್ತಳು. ಆಣೆ ಹಾಕಿದರೆ ಡಿಎನ್‌ಎ ಹೋಗುತ್ತದೆಯೇ ಎಂದೆ. ಅದು ಹೆಚ್ಚಾಯಿತು. ಆದರೆ ಹೇಳಿದ್ದಕ್ಕೆ ಪಶ್ಚಾತ್ತಾಪವಿಲ್ಲ.

ಸರ್ ಹೇಳಿದರು, "ಒಂದು ಎಲೆ ಉಳಿದಿದೆಯಲ್ಲ. ಬೇರೆ ಕೋಣೆ, ಬೇರೆ ಸಾಮಾನು. ಸಮಾಧಾನದಿಂದ ಮಾಡು." ಅವರಿಗೇನು, ಸಮಾಧಾನ.

೩೦ ಏಪ್ರಿಲ್

ನಾನು ಪಾಠ ಮಾಡುವ ಇಲ್ಲಿನ ಕಾಲೇಜಿನಲ್ಲಿ ಪರೀಕ್ಷೆಯ ಮೇಲ್ವಿಚಾರಣೆ, ಪೇಪರ್ ತಿದ್ದುವುದು. ಬಿಸಿಲು. ಅಪ್ಪ ಮನೆಯಲ್ಲಿದ್ದೂ ಇಲ್ಲದ ಹಾಗೆ ಇರುತ್ತಾನೆ. ಕೇಳಿದ್ದಕ್ಕೆ ಹೂಂ, ಉಹೂಂ. ತಂಬಾಕಿನ ಫಲಿತಾಂಶ ಬಂದಂದಿನಿಂದ ನನಗಿಂತ ಅವನೇ ಹೆಚ್ಚು ನೊಂದುಕೊಂಡಿದ್ದಾನೆ. ಆವತ್ತು ಹೇಳಿದಾಗ ಕೈಯಲ್ಲಿದ್ದ ಚಹಾದ ಬಟ್ಟಲು ಕೆಳಗಿಟ್ಟು ಎದ್ದು ಹೋಗಿದ್ದ. ಪಾಪ, ತಾನು ಬಿಸಿಲಲ್ಲಿ ಕೋಟೆ ಹತ್ತಿ ತಂದ ಎಲೆ.

೬ ಮೇ

ಕೊನೆಯ ಎಲೆಯನ್ನು ಇವತ್ತು ಅರೆದೆ. ಬೇರೆ ವಿಭಾಗದ ಕೋಣೆ, ಹೊಸ ಕೊಳವೆ, ಹೊಸ ಕೈಗವಸು. ಉಸಿರು ಬಿಗಿಹಿಡಿದು ಮಾಡಿದೆ ಎಂದರೆ ಸುಳ್ಳಲ್ಲ.

ಹೊರಡುವಾಗ ಅಪ್ಪ, "ಗಂಗವ್ವ, ಅದರಾಗೂ ಬರಲಿಲ್ಲಂದ್ರ?" ಎಂದು ಕೇಳಿದ.

"ಬಂದ ಬರ್ತೈತಿ. ಆ ಹುಡುಗಿ ಈ ಸರ್ತೆ ಹತ್ರ ಸುಳಿದಿಲ್ಲ."

"ಆ ಹುಡುಗೀದ ತಪ್ಪ ಇರಲಿಕ್ಕಿಲ್ಲವಾ."

"ಮತ್ಯಾರದು?"

ಅಪ್ಪ ಚಪ್ಪಲಿ ಹುಡುಕಿಕೊಟ್ಟ, ಅಷ್ಟೆ. ಎಲ್ಲರ ಮೇಲೂ ಕರುಣೆ ಅವನಿಗೆ.

೨೦ ಮೇ

ಮತ್ತೆ ತಂಬಾಕು.

ಅಂದರೆ ಕೋಣೆಯಲ್ಲಿಲ್ಲ, ಕೊಳವೆಯಲ್ಲಿಲ್ಲ, ಐಶ್ವರ್ಯಾಳ ಕೈಯಲ್ಲೂ ಇಲ್ಲ. ಎಲೆಯ ಮೇಲೇ ಇದೆ. ಧಾರವಾಡಕ್ಕೆ ಬರುವ ಮೊದಲೇ ಇತ್ತು. ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಧಾರವಾಡಕ್ಕೆ ಮೊದಲು ಆ ಎಲೆ ಇದ್ದದ್ದು ನನ್ನ ಟ್ರಂಕಿನಲ್ಲಿ, ಅದಕ್ಕೂ ಮೊದಲು ಅಪ್ಪನ ಕೈಯಲ್ಲಿ.

೨೧ ಮೇ

ಕೇಳಿದೆ. ಸಿಟ್ಟು ಮಾಡದೆ ಕೇಳಬೇಕೆಂದು ಕಿತ್ತೂರಿನಿಂದ ಬೈಲಹೊಂಗಲದ ತನಕ ಮನಸ್ಸಿಗೆ ಹೇಳಿಕೊಂಡು ಬಂದಿದ್ದೆ.

"ಎಲಿ ಹೆಂಗ ತಂದಿ ಅಪ್ಪಾ? ನಾ ಕೊಟ್ಟ ಪ್ಯಾಕೀಟಿನ್ಯಾಗ ಹಾಕಿದ್ದಿಲ್ಲೇನು?"

ಕಟ್ಟೆಯ ಮೇಲೆ ಕೂತು ಹೇಳಿದ. ತೊರಗಲ್ಲಿನಲ್ಲಿ ಪ್ಯಾಕೀಟಿಗೇ ಹಾಕಿದ್ದನಂತೆ. ಸವದತ್ತಿಯಲ್ಲಿ ಬಸ್ಸಿಗೆ ಗದ್ದಲ, ಗುಡಿಗೆ ಬಂದ ಹುಣ್ಣಿಮೆ ಮಂದಿ. ನೂಕಾಟದಲ್ಲಿ ಪ್ಯಾಕೀಟು ಹರಿದು ಎಲೆ ಒಣಗಲೆಂದು ನಾನು ಒಳಗೆ ಹಾಕಿಕೊಟ್ಟಿದ್ದ ನೀಲಿ ಹರಳೆಲ್ಲ ಬಸ್ಸಿನ ತುಂಬ ಚೆಲ್ಲಿ ಹೋದವು. ಎಲೆ ಮಾತ್ರ ಉಳಿಸಿಕೊಂಡ.

"ಕೈಯಾಗ ಹಿಡದ್ರ ನಲಗ್ತಾವು. ಕಿಸೆದಾಗ ಬೆವರು. ಅದಕ್ಕ ಚಂಚ್ಯಾಗ ಇಟ್ಟೆ. ನನ್ನ ಹಂತ್ಯಾಕ ಅದಕಿಂತ ಜ್ವಾಪಾನದ ಜಾಗಾ ಇನ್ಯಾವುದೈತಿ? ಮನಿಗಿ ಬಂದು ಬ್ಯಾರೆ ಪ್ಯಾಕೀಟಿಗಿ ಹಾಕಿದೆ."

"ಚಂಚ್ಯಾಗ ಲವಂಗ ಅಲ್ಲೇನು ಇರೂದು?"

ಅವನ ಕೈ ಚಂಚಿಯನ್ನು ಮುಚ್ಚಿಕೊಂಡಿತು. ನಾನೇ ಅವನ ಸೊಂಟದಿಂದ ಚಂಚಿ ಎಳೆದು ಬಿಚ್ಚಿದೆ. ಮೇಲಿನ ಅರೆಯಲ್ಲಿ ಲವಂಗ, ಯಾಲಕ್ಕಿ. ಕೆಳಗಿನ ಅರೆಯಲ್ಲಿ ತಂಬಾಕು, ಸುಣ್ಣದ ಡಬ್ಬಿ. ಏಳು ವರ್ಷದಲ್ಲಿ ಒಂದು ದಿನವೂ ಬಿಟ್ಟಿರಲಿಲ್ಲ.

ಏನೇನು ಅಂದೆನೋ ಎಲ್ಲ ಬರೆಯಲಾರೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು ಎಂದೆ. ಸತ್ತವಳಿಗೆ ಕೊಟ್ಟ ಮಾತು ಎಂದೆ. ನನ್ನ ತಲೆಯ ಮೇಲಿನ ಆಣೆಗೆ ಅಷ್ಟೇ ಬೆಲೆಯೇ ಎಂದೆ. ಏಪ್ರಿಲ್ ತಿಂಗಳಿಂದ ಗೊತ್ತಿದ್ದೂ ನೀನು ಬಾಯಿ ಬಿಡಲಿಲ್ಲ, ಒಂದು ಹುಡುಗಿಯನ್ನು ಅಳಿಸಿದೆ, ಕೊನೆಯ ಎಲೆಯನ್ನೂ ಹಾಳು ಮಾಡಿಸಿದೆ ಎಂದೆ. ಅಪ್ಪ ಸಾಲಿಯಲ್ಲಿ ತಪ್ಪು ಮಾಡಿದ ಹುಡುಗನ ಹಾಗೆ ನೆಲ ನೋಡುತ್ತಾ ನಿಂತಿದ್ದ.

ತಂದೆಯ ಗುರುತು ಒಂದಕ್ಷರವೂ ಇರುವುದಿಲ್ಲ ಎಂದಿದ್ದೆನಲ್ಲ. ನಾನು ಓದಿದ ಒಂಬತ್ತು ನೂರು ಅಕ್ಷರವೂ ಅಪ್ಪನದೇ.

೨೩ ಮೇ

ಮಾತಿಲ್ಲ. ಮಳೆ ಬಂದ ಮೇಲೆ ನಾನೇ ತೊರಗಲ್ಲಿಗೆ ಹೋಗುತ್ತೇನೆ. ಕೋಟೆಯ ಬುಡದಲ್ಲಿ ಕುರಿ ಕಾಯುವ ಶಟ್ಟೆಪ್ಪನಿಗೆ ಕಾಗದ ಹಾಕಿದೆ. ಎಲೆ ಕಂಡ ಕೂಡಲೇ ಸಿದ್ದಲಿಂಗವ್ವನ ಮನೆಗೆ ಫೋನು ಮಾಡು ಎಂದು ನಂಬರು ಬರೆದಿದ್ದೇನೆ. ಅವನು ಅಪ್ಪನ ಹಳೆಯ ವಿದ್ಯಾರ್ಥಿ. ಓದಲು ಬರುತ್ತದೆ. ಜುಲೈನಲ್ಲಿ ಎಲೆ ಸಿಕ್ಕರೆ ಸೆಪ್ಟೆಂಬರಿಗೆ ಫಲಿತಾಂಶ, ಡಿಸೆಂಬರಿಗೆ ಪ್ರಬಂಧ. ಇನ್ನೂ ಆಗುತ್ತದೆ. ಆಗಬೇಕು.

೨೫ ಮೇ

ಸಿದ್ದಲಿಂಗವ್ವ ರೊಟ್ಟಿಯ ಜೊತೆ ಒಂದು ಪಾತ್ರೆ ತಂದು ಅಪ್ಪನ ಮುಂದೆ ಇಟ್ಟಳು. ಗಂಜಿ.

"ಗಂಜಿ ಯಾಕ?" ಎಂದೆ.

"ಒಂದ ತಿಂಗಳಾತು ಕೊಡಾಕತ್ತು. ರೊಟ್ಟಿ ಎಲ್ಲಿ ತಿಂತಾರ ನಿಮ್ಮಪ್ಪಾರು? ಹಾಲಾಗ ನೆನಸಿದ್ರೂ ನುಂಗಾಕ ಆಗವಲ್ದು. ನೀ ಮನ್ಯಾಗ ಇದ್ದೂ ನೋಡಿಲ್ಲೇನವಾ?"

ನೋಡಿದ್ದೆ. ರಂಜಕ ಬಿಟ್ಟದ್ದು ನೋಡಿದ್ದೆ, ಬಾಯಿ ಮುಚ್ಚಿ ನಗುವುದು ನೋಡಿದ್ದೆ, ಪೇಡೆ ಚೀಪಿದ್ದು ನೋಡಿದ್ದೆ. ಇದೇ ವಹಿಯಲ್ಲಿ ಬರೆದಿದ್ದೇನೆ, ಈಗ ತಿರುವಿ ನೋಡಿದೆ.

"ಬಾಯಿ ತೆರಿ ಅಪ್ಪಾ," ಎಂದೆ. ಎರಡು ಬೆರಳು ಹೋಗುವಷ್ಟು ತೆರೆಯಿತು. ಎಡಗಡೆ ಗಲ್ಲದ ಒಳಗೆ, ಟಾರ್ಚು ಬಿಟ್ಟು ನೋಡಿದೆ.

ಬರೆಯಲಾರೆ.

೨೭ ಮೇ

ಇಲ್ಲಿನ ಡಾಕ್ಟರು ಒಂದೇ ನಿಮಿಷ ನೋಡಿ ಬೆಳಗಾವಿಗೆ ಚೀಟಿ ಬರೆದರು. ಎಷ್ಟು ದಿನದಿಂದ ಎಂದು ಕೇಳಿದಾಗ ಅಪ್ಪ ನನ್ನ ಮುಖ ನೋಡಿ, "ಒಂದ ವರ್ಷ ಆಗಿರಬೇಕ್ರಿ," ಎಂದ.

ಒಂದು ವರ್ಷ. ಅಂದರೆ ಅವನು ಎಲೆ ತಂದಾಗಲೇ ಇತ್ತು. ಒಂದು ಚಿಟಿಕೆ ಧೂಳಿನಿಂದ ಧಾರವಾಡದಲ್ಲಿ ಕೂತು ತಂಬಾಕು ಹಿಡಿದವಳು ನಾನು. ಎದುರಿಗೆ ಕೂತು ಉಣ್ಣುವವನ ಬಾಯಿ ನನಗೆ ಕಾಣಲಿಲ್ಲ. ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ.

೨ ಜೂನ್, ಬೆಳಗಾವಿ

ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಒಂದು ವಾರ ಕಾಯಬೇಕಂತೆ. ಕಾಯುವುದು ನನಗೆ ಹೊಸದಲ್ಲ, ಆದರೂ ಇದು ಬೇರೆ. ಅಪ್ಪ ಆಸ್ಪತ್ರೆಯ ಹುಡುಗನಿಗೆ ಮಗ್ಗಿ ಕೇಳುತ್ತಿದ್ದ. ಹದಿಮೂರರ ಮಗ್ಗಿಯಲ್ಲಿ ಅವನು ತಪ್ಪಿದ, ಅಪ್ಪ ತಿದ್ದಿದ.

೧೦ ಜೂನ್

ಅದೇ.

೧೧ ಜೂನ್

ಅಪ್ಪನಿಗೆ ಹೇಳುವುದು ಹೇಗೆಂದು ನಿನ್ನೆಯಿಂದ ಒದ್ದಾಡಿದೆ. ಅವನಿಗೆ ಮೊದಲೇ ಗೊತ್ತಿತ್ತು.

"ಆಣಿ ಮುರದೇನಿ ಅಂತ ಏಳು ವರ್ಷ ಅಂಜಕೋತ ಬಂದೇನಿ ಗಂಗವ್ವ. ನಿನ್ನ ತಲಿ ಮ್ಯಾಲೆ ಮಾಡಿದ ಆಣಿ. ನಿನಗ ಕಾಮಾಲಿ ಆದಾಗ ನನ್ನ ಜೀವ ಹೋದಂಗ ಆಗಿತ್ತು. ನನ್ನಿಂದನ ಆತು ಅಂತ ಮಾಡಿದ್ದೆ. ಅದಕ್ಕ ನಿನ್ನ ಎಲಿ ತರಾಕ ಓಡಿದೆ. ಈಗ ನನಗ ಬಂತಲ್ಲಾ. ಚೊಲೊ ಆತು. ನಿನ್ನ ಬಿಟ್ಟು ನನಗ ಬಂತು."

ಬಹಳ ದಿನದ ಮೇಲೆ ಅಷ್ಟು ಉದ್ದ ಮಾತಾಡಿದ್ದು. ಮಾತು ಮುಗಿಸುವಷ್ಟರಲ್ಲಿ ನೋವಿಗೆ ಕಣ್ಣಲ್ಲಿ ನೀರು ಬಂತು. ನಾನು ವಿಜ್ಞಾನ ಓದಿದವಳು. ಆಣೆಗೂ ಕಾಮಾಲೆಗೂ ಸಂಬಂಧವಿಲ್ಲ, ನೀರಿನಿಂದ ಬರುತ್ತದೆ ಎಂದು ಹೇಳಬಹುದಿತ್ತು. ಅವನ ಕಾಲ ಹತ್ತಿರ ಕೂತು ಅತ್ತೆ. ಏಳು ವರ್ಷ ಈ ಮನುಷ್ಯ ಒಬ್ಬನೇ ಅಂಜಿಕೊಂಡು ಬದುಕಿದ್ದಾನೆ.

ಚಂಚಿಯನ್ನು ಆವತ್ತೇ ಒಲೆಗೆ ಹಾಕಿದ್ದೆ. ಈಗ ಅವನ ಕೈ ಸೊಂಟಕ್ಕೆ ಹೋಗಿ ಹೋಗಿ ವಾಪಸು ಬರುತ್ತದೆ.

೨೬ ಜೂನ್

ಐಶ್ವರ್ಯಾಳಿಗೆ ಕಾಗದ ಬರೆದೆ. ತಪ್ಪು ನನ್ನದು, ನಿನ್ನದಲ್ಲ ಎಂದು. ಅದಕ್ಕಿಂತ ಹೆಚ್ಚು ಬರೆಯಲು ಆಗಲಿಲ್ಲ.

ಮಳೆ ಇನ್ನೂ ಇಲ್ಲ. ಮೋಡ ಬರುತ್ತದೆ, ಹೋಗುತ್ತದೆ. ಕಲ್ಲಿನ ಸಂದಿಯಲ್ಲಿ ಗಡ್ಡೆ ಮಲಗಿಯೇ ಇರಬೇಕು. ಶಸ್ತ್ರಚಿಕಿತ್ಸೆ ಜುಲೈ ಹದಿನೇಳಕ್ಕೆ. ದವಡೆಯ ಭಾಗ ತೆಗೆಯುತ್ತಾರಂತೆ. ಆರು ತಿಂಗಳ ಹಿಂದೆ ಬಂದಿದ್ದರೆ ಎಂದು ಡಾಕ್ಟರು ಶುರು ಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು.

೧೪ ಜುಲೈ

ನಾಲ್ಕು ದಿನದಿಂದ ಮಳೆ.

೧೬ ಜುಲೈ, ಬೆಳಗಾವಿ

ಸಿದ್ದಲಿಂಗವ್ವ ಆಸ್ಪತ್ರೆಗೆ ಫೋನು ಮಾಡಿದ್ದಳು. "ತೊರಗಲ್ಲಿನವ ಮಾಡಿದ್ದ. ಎಲಿ ಎದ್ದಾವಂತ. ಅಕ್ಕಾರನ್ನ ಲಗೂನ ಬರಾಕ ಹೇಳ್ರಿ, ಆಡು ಮೇಯ್ದ ಬಿಡ್ತಾವು ಅಂದ. ಮಾಸ್ತರು ದವಾಖಾನ್ಯಾಗ ಅದಾರ ಅಂತ ಹೇಳಿದೆ."

ಸರ್ ಹತ್ತಿರವೂ ಮಾತಾಡಿದೆ. "ಒಂದು ದಿನದ ಕೆಲಸ ಗಂಗಾ. ಯಾರನ್ನಾದರೂ ಕೂಡಿಸಿ ಹೋಗಿ ಬಾ," ಎಂದರು. ಯಾರನ್ನು? ನಾಳೆ ಬೆಳಿಗ್ಗೆ ಏಳಕ್ಕೆ ಅಪ್ಪನನ್ನು ಒಳಗೆ ಒಯ್ಯುತ್ತಾರೆ.

ಅಪ್ಪನಿಗೆ ಹೇಳಬಾರದೆಂದಿದ್ದೆ, ಮುಖ ನೋಡಿ ತಿಳಿದುಕೊಂಡ. "ಎಲಿ ಬಂದಾವೇನು?" ಎಂದ. ಹೂಂ ಎಂದೆ. "ಹೋಗ ಮತ್ತ." ಉಹೂಂ ಎಂದೆ. ಅಪ್ಪ ನನ್ನ ಮಾತು ಕಲಿತಿದ್ದಾನೋ, ನಾನು ಅವನದೋ ಗೊತ್ತಿಲ್ಲ. ಇಬ್ಬರೂ ಒಂದೊಂದೇ ಮಾತಾಡುತ್ತೇವೆ.

೧೭ ಜುಲೈ

ಏಳು ತಾಸು.

೧೯ ಜುಲೈ

ಮೂಗಿನಿಂದ ನಳಿಗೆ ಹಾಕಿದ್ದಾರೆ. ಎರಡು ತಾಸಿಗೊಮ್ಮೆ ನಾನು ಅದರಲ್ಲಿ ಗಂಜಿ ತಿಳಿ ಬಿಡಬೇಕು. ನಿಧಾನಕ್ಕೆ ಬಿಡಬೇಕು, ಗುಳ್ಳೆ ಹೋಗಬಾರದು. ಲ್ಯಾಬಿನಲ್ಲಿ ಕಲಿತ ಕೈ ಇದಕ್ಕಾದರೂ ಬಂತು.

ಮಾತು ಇಲ್ಲ. ಬರುತ್ತದೆಯೋ ಇಲ್ಲವೋ ಯಾರೂ ಹೇಳುತ್ತಿಲ್ಲ. ಪಾಟಿ ಬಳಪ ತಂದುಕೊಟ್ಟೆ. ಮೊದಲು ಬರೆದದ್ದು, "ನೀ ಉಂಡಿ?" ಅಕ್ಷರ ಇನ್ನೂ ಮುತ್ತಿನ ಹಾಗೇ ಇವೆ. ಉಂಡೆ ಎಂದು ಸುಳ್ಳು ಹೇಳಿದೆ.

೨೩ ಜುಲೈ

ಕುತ್ತಿಗೆಯ ಗಂಟುಗಳಲ್ಲೂ ಇತ್ತಂತೆ. ತೆಗೆದಷ್ಟು ತೆಗೆದಿದ್ದೇವೆ, ಮುಂದೆ ವಿಕಿರಣ ಚಿಕಿತ್ಸೆ, ಆಮೇಲೆ ನೋಡೋಣ ಎಂದರು ಡಾಕ್ಟರು. ಎಷ್ಟು ದಿನ ಎಂದು ಕೇಳಿದೆ. ಅವರು ಫೈಲು ಮುಚ್ಚಿ, ಧೈರ್ಯವಾಗಿರಿ ಎಂದರು. ನನ್ನ ಕೈಯಲ್ಲಿ ಏನೂ ಇಲ್ಲ. ಗಂಜಿಯ ಪಾತ್ರೆ ಒಂದಿದೆ.

ಅಪ್ಪ ಪಾಟಿಯ ಮೇಲೆ "ಎಲಿ?" ಎಂದು ಬರೆದ. ಒರೆಸಿಬಿಟ್ಟೆ.

೨೮ ಜುಲೈ

ಮಧ್ಯಾಹ್ನ ಗಂಜಿ ಬಿಡುತ್ತಿದ್ದಾಗ ವಾರ್ಡಿನ ಬಾಗಿಲಲ್ಲಿ ಒಬ್ಬ ಎತ್ತರದ ಮನುಷ್ಯ, ಹೆಗಲ ಮೇಲೆ ಕಂಬಳಿ. ಒಳಗೆ ಬಿಡಲೋ ಬೇಡವೋ ಎಂದು ನರ್ಸು ನೋಡುತ್ತಿದ್ದಳು. ಶಟ್ಟೆಪ್ಪ. ಅವನನ್ನು ನಾನು ಎರಡು ವರ್ಷದ ಹಿಂದೆ ನೋಡಿದ್ದೆ. ತೊರಗಲ್ಲಿನಿಂದ ಹೊತ್ತು ಮೂಡುವ ಮೊದಲೇ ಹೊರಟು, ಮೂರು ಬಸ್ಸು ಬದಲಿಸಿ ಬಂದಿದ್ದ.

ಅಪ್ಪನ ಕಾಲು ಮುಟ್ಟಿದ. ಪಟ್ಟಿ ಕಟ್ಟಿದ ಮುಖವನ್ನು ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ನೀವು ಬರೂದ ಆಗವಲ್ದು ಅಂದ್ರು. ಒಂದ ಗಿಡಾ ಆಡು ತಿಂದು ಹೋತ್ರಿ ಅಕ್ಕಾರ. ಇನ್ನೊಂದು ಬಾಡಾಕ ಹತ್ತಿತ್ತು. ಅದಕ್ಕ ನಾನ ತಂದೆ," ಎಂದ.

ಕಂಬಳಿ ಸರಿಸಿ ಸೊಂಟದಿಂದ ಚಂಚಿ ತೆಗೆದ.

"ಬಸ್ಸಿನ್ಯಾಗ ಗದ್ಲಾ ಭಾಳ. ಕೈಯಾಗ ಹಿಡದ್ರ ನಲಗ್ತಾವು. ಅದಕ್ಕ ಇದರಾಗ ಇಟ್ಕೊಂಡ ಬಂದೇನಿ. ನೋಡ್ರಿ, ಒಂದರ ಬಾಡೇತೇನು?"

ಎರಡನೆಯ ಅರೆಯಿಂದ ಮೂರು ಎಲೆ ತೆಗೆದು ನನ್ನ ಅಂಗೈಯಲ್ಲಿಟ್ಟ. ಹಸಿರಾಗಿದ್ದವು. ಒಂದರ ಬೆನ್ನಿಗೆ ತಂಬಾಕಿನ ಪುಡಿ ಅಂಟಿತ್ತು.

ನಾನು ಅಪ್ಪನ ಕಡೆ ನೋಡಿದೆ, ಅಪ್ಪ ನನ್ನ ಕಡೆ. ಅಪ್ಪನ ಭುಜ ಅಲುಗತೊಡಗಿತು. ನೋವೆಂದುಕೊಂಡು ಗಾಬರಿಯಾಗಿ ಎದ್ದೆ. ನೋವಲ್ಲ, ನಗುತ್ತಿದ್ದ. ಪಟ್ಟಿಯ ಮೇಲೆ ಬರೀ ಕಣ್ಣು ಕಾಣುತ್ತಿದ್ದವು, ಎರಡರಲ್ಲೂ ನೀರು. ನನಗೂ ನಗು ಬಂತು, ತಡೆಯಲು ಆಗಲಿಲ್ಲ. ಶಟ್ಟೆಪ್ಪ ತಬ್ಬಿಬ್ಬಾಗಿ ಇಬ್ಬರನ್ನೂ ನೋಡಿದ.

"ತಪ್ಪಾತೇನ್ರಿ?"

"ಇಲ್ಲ ಶಟ್ಟೆಪ್ಪಣ್ಣ. ಚೊಲೊ ಮಾಡಿದ್ರಿ. ಭಾಳ ಜ್ವಾಪಾನದಿಂದ ತಂದ್ರಿ," ಎಂದೆ.

ಅಪ್ಪ ಪಾಟಿಯ ಮೇಲೆ ಬರೆದು ನನಗೆ ತೋರಿಸಿದ. "ಚಹಾ ಕುಡಸು ಅವಗ." ಕ್ಯಾಂಟೀನಿನಿಂದ ಚಹಾ ತಂದೆ. ಶಟ್ಟೆಪ್ಪ ಕುಡಿದು, ರೂಢಿಯಂತೆ ಚಂಚಿ ಬಿಚ್ಚಿ, ಸುಣ್ಣದ ಡಬ್ಬಿ ತೆಗೆದವನು ಹಾಗೇ ತಡೆದ. ಅಪ್ಪನ ಮುಖವನ್ನು ನೋಡಿದ. ಆಮೇಲೆ ಡಬ್ಬಿ ಒಳಗಿಟ್ಟು, ಚಂಚಿ ಸುತ್ತಿ ಮತ್ತೆ ಸೊಂಟಕ್ಕೇ ಸಿಕ್ಕಿಸಿಕೊಂಡ. ಬಿಡ್ರಿ ಅದನ್ನ ಎಂದೆ. "ಹೂಂನ್ರಿ ಅಕ್ಕಾರ," ಎಂದ. ಅಪ್ಪನೂ ಅವ್ವನಿಗೆ ಹೀಗೇ ಹೂಂ ಎಂದಿದ್ದ.

ಅವನು ಹೋದ ಮೇಲೆ ನರ್ಸಿನ ಹತ್ತಿರ ಸ್ಪಿರಿಟ್ಟು, ಹತ್ತಿ ಕೇಳಿ ತಂದು ಎಲೆಗಳನ್ನು ಒರೆಸಲು ಕೂತೆ. ಮೊದಲು ಬೆನ್ನು, ಆಮೇಲೆ ಮುಖ, ನರದ ಗುಂಟ. ಹತ್ತಿ ಕಂದಾಯಿತು. ಮತ್ತೊಂದು ತೆಗೆದುಕೊಂಡೆ. ಹೀಗೆ ಒರೆಸಿದರೆ ಎಲೆಯ ಮೇಲಿನದು ಹೋಗಲೂಬಹುದು. ಅಪ್ಪ ತಲೆ ವಾಲಿಸಿ ನೋಡುತ್ತಿದ್ದ. ಎರಡು ಮುಗಿಸಿ ಈ ವಹಿಯ ಹಾಳೆಗಳ ನಡುವೆ ಇಟ್ಟೆ. ಚೀಟಿಯ ಮೇಲೆ ಊರು, ತಾರೀಖು ಬರೆದೆ. ತಂದವರು ಎಂಬಲ್ಲಿ ಶಟ್ಟೆಪ್ಪ ಎಂದು ಬರೆದು, ಅದರ ಮುಂದೆ ರಾಯಪ್ಪ ಮಾಸ್ತರರ ವಿದ್ಯಾರ್ಥಿ ಎಂದು ಸೇರಿಸಿದೆ. ಹಾಗೆ ಬರೆಯುವ ಪದ್ಧತಿ ಇಲ್ಲ.

ಮೂರನೆಯದಕ್ಕೆ ಅಪ್ಪ ಕೈ ಚಾಚಿದ. ಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು, ಹುಡುಗರ ಪಾಟಿ ನೋಡುವ ಹಾಗೆ ಬಹಳ ಹೊತ್ತು ನೋಡಿದ. ಆಮೇಲೆ ಎದೆಯ ಮೇಲೆ ಇಟ್ಟುಕೊಂಡು, ಅದರ ಮೇಲೆ ಅಂಗೈ ಮುಚ್ಚಿ ನಿದ್ದೆ ಹೋದ. ಹೊತ್ತು ಇಳಿಯುತ್ತಿದೆ. ಕೈಯ ಬಿಸಿಗೆ ಎಲೆ ಈಗ ಬಾಡಿರಬೇಕು. ನಾನು ಬಿಡಿಸಿಕೊಳ್ಳಲಿಲ್ಲ. ನನಗೆ ಎರಡು ಸಾಕು.